ಎಡಗಡೆಯ ಎರಡು

ವಿಮಾನ ಮೂರನೇ ಸಲ ನೆಲಕ್ಕೆ ಬಡಿದು ಪುಟಿದಾಗ ಗಾಳಿಯಕ್ಕ ಪೆನ್ನಿನ ಮುಚ್ಚಳ ತೆಗೆದಳು. ನಾಲ್ಕನೇ ಸಲಕ್ಕೆ ಅದು ಏಳುವುದಿಲ್ಲವೆಂಬುದು ಅವಳ ಹತ್ತೊಂಬತ್ತು ವರ್ಷದ ಅನುಭವ. ಏಳಲೂ ಇಲ್ಲ. ಮೂಗಿನ ಚಕ್ರ ಮುರಿದು, ಪ್ರೊಪೆಲ್ಲರ್ ನೆಲ ಕೆರೆದು, ವಿಮಾನ ಬಾಲ ಮೇಲೆತ್ತಿಕೊಂಡು ರನ್‌ವೇ ಪಕ್ಕದ ಹುಲ್ಲಿನಲ್ಲಿ ನಿಂತಿತು, ಬಿದ್ದುಹೋದ ಮೂಗುತಿ ಹುಡುಕುವವರ ಹಾಗೆ. ಒಳಗಿನಿಂದ ಹಲ್ಲಿನ ಡಾಕ್ಟರು ಇಳಿದರು. ಕೈಕಾಲು ಮುಟ್ಟಿ ನೋಡಿಕೊಂಡರು, ತಲೆಗೂದಲು ಸರಿಮಾಡಿಕೊಂಡರು, ಆಮೇಲೆ ಆಕಾಶದ ಕಡೆ ಕೈ ತೋರಿಸಿ ಯಾರನ್ನೋ ಬಾಯಿಗೆ ಬಂದಂತೆ ಬೈಯತೊಡಗಿದರು.

ಬೈಸಿಕೊಳ್ಳುತ್ತಿದ್ದುದು ಗಾಳಿ.

ಗಾಳಿಯಕ್ಕ ಗೋಡೆಯ ಮೇಲಿನ ಗಾಳಿಮಾಪಕದ ಮುಳ್ಳು ನೋಡಿದಳು. ಏಳು ನಾಟ್. ಹಗ್ಗಕ್ಕೆ ಹಾಕಿದ ಟವೆಲ್ಲು ಬೇಕೋ ಬೇಡವೋ ಎಂಬಂತೆ ತೂಗುವಷ್ಟು ಗಾಳಿ. ದಿನವೂ ಅರ್ಧ ಗಂಟೆಗೊಮ್ಮೆ ಆ ಮುಳ್ಳು ಓದಿ ಗಾಳಿ ಪುಸ್ತಕದಲ್ಲಿ ಬರೆಯುವುದು, ಹಾರುವವರು ರೇಡಿಯೋದಲ್ಲಿ ಕೇಳಿದರೆ ಹೇಳುವುದು, ಇಷ್ಟೇ ಅವಳ ಕೆಲಸ. ಹೆಸರೂ ಅದರಿಂದಲೇ ಬಂದದ್ದು. ಅವಳು ಪುಸ್ತಕ ತೆರೆದು, ಎಡಗಡೆ ಒಂದಂಕಿಯಷ್ಟು ಜಾಗ ಬಿಟ್ಟು, 7 ಎಂದು ಬರೆದು ಕಾದಳು.

ವಿಮಾನ ಹಾರಾಟದ ಕ್ಲಬ್ಬಿನ ಕಾರ್ಯದರ್ಶಿ ಏದುಸಿರು ಬಿಡುತ್ತ ಬಂದರು. ಮಾಜಿ ವಕೀಲರು, ಎಲ್ಲಿ ಏನು ಬಿದ್ದರೂ ಮೊದಲು ಕಾಗದದ ಕಡೆ ಓಡುವವರು.

"ಎಷ್ಟಮ್ಮಾ?"

"ಏಳು."

"ಎರಡು ಹಾಕು."

ಅವಳು ಬಿಟ್ಟ ಜಾಗದಲ್ಲಿ ಎರಡು ಹಾಕಿದಳು. ಇಪ್ಪತ್ತೇಳು. ಪಕ್ಕದ ಕಾರಣದ ಅಂಕಣದಲ್ಲಿ ಅವಳ ಕೈ ತಾನಾಗಿಯೇ ಬರೆಯಿತು: ಹಠಾತ್ ಅಡ್ಡಗಾಳಿ.

"ನಲವತ್ತೊಂದನೇದು," ಎಂದಳು ಗಾಳಿಯಕ್ಕ.

"ಲೆಕ್ಕ ಯಾರು ಕೇಳಿದ್ರು ನಿನ್ನ?" ಎಂದರು ಕಾರ್ಯದರ್ಶಿ, ಮತ್ತು ಡಾಕ್ಟರಿಗೆ ಸಂತಾಪ ಹೇಳಲು ಓಡಿದರು.

ಆ ಕ್ಲಬ್ಬಿನಲ್ಲಿ ಸದಸ್ಯರು ಹದಿಮೂರು ಜನ. ನೆಲದ ಮೇಲೆ ಯಾರ ಮಾತನ್ನೂ ಕೇಳಿ ಅಭ್ಯಾಸವಿಲ್ಲದವರು. ಅದೇ ಗತ್ತಿನಲ್ಲಿ ಮೇಲಕ್ಕೂ ಹೋಗುತ್ತಿದ್ದರು. ಮೇಲೆ ಹೋಗುವುದಕ್ಕೆ ಅಷ್ಟು ಸಾಕು. ಇಳಿಯುವಾಗ ಮಾತ್ರ ಗಾಳಿ ಎಂಬ ಒಂದು ಪ್ರಾಣಿ ಇವರ ಅಂತಸ್ತು ನೋಡದೆ ಪಕ್ಕೆಗೆ ತಿವಿಯುತ್ತಿತ್ತು. ಇವರ ಕೈಗೆ ಸಿಗದ, ಇವರ ಫೋನಿಗೆ ಹೆದರದ, ಇವರ ಮನೆಯ ಗೇಟಿನಲ್ಲಿ ಕಾಯದ ಒಂದೇ ಒಂದು ವಸ್ತು ಆ ಬಯಲಿನಲ್ಲಿ ಇದ್ದರೆ ಅದು ಗಾಳಿ.

ಈ ಎರಡು ಹಾಕುವ ಪದ್ಧತಿ ಶುರುವಾದದ್ದು ಎಂಟು ವರ್ಷದ ಹಿಂದೆ. ಅಧ್ಯಕ್ಷರು, ಹಾಸಿಗೆ ಕಾರ್ಖಾನೆಯ ಯಜಮಾನರು, ಆರು ನಾಟ್ ಗಾಳಿಯಲ್ಲಿ ಇಳಿಯಲು ಬಂದು ರನ್‌ವೇ ಬಿಟ್ಟು ಬೇಲಿಯ ಮೇಲೆ ಇಳಿದಿದ್ದರು. ಸಮಿತಿ ಸಭೆ ಸೇರಿ ಹತ್ತು ನಿಮಿಷದಲ್ಲಿ ಕಾರಣ ಕಂಡುಹಿಡಿಯಿತು: ಬ್ರೇಕ್ ಹಿಡಿಯಲಿಲ್ಲ, ಮೆಕ್ಯಾನಿಕ್‌ನ ನಿರ್ಲಕ್ಷ್ಯ. ಮೆಕ್ಯಾನಿಕ್ ಎಂದರೆ ಗಾಳಿಯಕ್ಕನ ತಮ್ಮ.

ಅವನು ವಿಮಾನ ನಿಲ್ಲಿಸುವ ಹ್ಯಾಂಗರಿನಿಂದ ಎಣ್ಣೆಗೈಯಲ್ಲೇ ಓಡಿ ಬಂದಿದ್ದ. "ಅಕ್ಕಾ, ಬ್ರೇಕ್ ಹಿಡೀಬೇಕಾದ್ರೆ ಚಕ್ರ ನೆಲದ ಮೇಲಿರಬೇಕಲ್ವಾ? ಗಾಳೀಲಿ ತೇಲ್ತಾ ಬ್ರೇಕ್ ಒತ್ತಿದ್ರೆ ಏನು ಹಿಡಿಯುತ್ತೆ, ಮೋಡ ಹಿಡಿಯುತ್ತಾ?"

ಅವನ ಮಾತು ಕೇಳುವ ಕಿವಿ ಆ ಸಭೆಯಲ್ಲಿ ಇರಲಿಲ್ಲ. ಆಗ ಗಾಳಿಯಕ್ಕ ಪುಸ್ತಕ ತೆರೆದು ಆರರ ಎಡಗಡೆ ಎರಡು ಹಾಕಿ, ತಾನೇ ಒಯ್ದು ಸಭೆಯ ಮೇಜಿನ ಮೇಲಿಟ್ಟಳು. ಇಪ್ಪತ್ತಾರು ನಾಟ್! ಅಧ್ಯಕ್ಷರ ಎದೆ ಉಬ್ಬಿತು. ಬೇಲಿಯ ಮೇಲೆ ಬಿದ್ದವರು ಅರ್ಧ ಗಂಟೆಯೊಳಗೆ ಬಿರುಗಾಳಿಯೊಂದಿಗೆ ಸೆಣಸಿದ ವೀರರಾದರು. ತಮ್ಮನ ಕೆಲಸ ಉಳಿಯಿತು. ಗಾಳಿಗೆ ಏನಾಯಿತು? ಏನೂ ಆಗಲಿಲ್ಲ. ಗಾಳಿಗೆ ನೋಟಿಸು ಕೊಡಲು ಬರುವುದಿಲ್ಲ. ಗಾಳಿಗೆ ಬಾಡಿಗೆ ಮನೆಯಿಲ್ಲ, ಹೊಟ್ಟೆಯಿಲ್ಲ. ಬಡವರ ಪಾಲಿಗೆ ಬರುವ ಬೈಗುಳವನ್ನು ಗಾಳಿಗೆ ವರ್ಗಾಯಿಸುವುದರಲ್ಲಿ ಅವಳಿಗೆ ಯಾವ ಪಾಪವೂ ಕಾಣಲಿಲ್ಲ. ಅಂದಿನಿಂದ ಯಾರು ಬಿದ್ದರೂ ಎಡಗಡೆ ಎರಡು.

ಒಂದೇ ಒಂದು ಸಲ ಅವಳು ಜ್ವರ ಬಂದು ರಜೆ ಹಾಕಿದ ದಿನ ಒಬ್ಬರು ಬಿದ್ದರು. ಕಾರ್ಯದರ್ಶಿಗಳೇ ಮುಳ್ಳು ಓದಿ 12 ಎಂದು ಬರೆದು, ಪದ್ಧತಿ ತಪ್ಪಬಾರದೆಂದು ಅದರ ಎಡಗಡೆ ಎರಡು ಹಾಕಿದರು. 212 ನಾಟ್. ಆ ಲೆಕ್ಕದ ಪ್ರಕಾರ ಆ ದಿನ ಕ್ಲಬ್ಬೂ ಹ್ಯಾಂಗರೂ ಊರೂ ಸಮುದ್ರ ದಾಟಿ ಹೋಗಿರಬೇಕಿತ್ತು. ತಿಂಗಳ ಕೊನೆಗೆ ಮೊಹರು ಬಿದ್ದು, ಅದರ ಒಂದು ಪ್ರತಿ ಹವಾಮಾನ ಕಚೇರಿಗೆ ಹೋಯಿತು. ಯಾರೂ ಓದಲಿಲ್ಲ.

ಯಾರೂ ಓದಲಿಲ್ಲವೆಂದು ಎಲ್ಲರೂ ತಿಳಿದಿದ್ದರು. ಒಬ್ಬ ಓದಿದ್ದ.

ಅವನು ಗಾಳಿಯಿಂದ ಕರೆಂಟು ತೆಗೆಯುವ ಗಾಳಿಯಂತ್ರದ ಕಂಪನಿಯವನು. ಡಾಕ್ಟರು ಬಿದ್ದ ಮುಂದಿನ ವಾರ ಬಂದ. ಅಳತೆ ಪಟ್ಟಿ, ಗೂಟ, ನಕ್ಷೆ ಸಮೇತ ಬಯಲಿನ ತುಂಬ ಓಡಾಡಿ, ಕೊನೆಗೆ ಗಾಳಿಯಕ್ಕನ ತಗಡಿನ ಕೋಣೆಯ ಬಾಗಿಲಲ್ಲಿ ನಿಂತು ಕೈಮುಗಿದ.

"ಅಮ್ಮಾ, ಈ ಪುಸ್ತಕ ಬರೆಯೋರು ನೀವೇನಾ? ಹನ್ನೊಂದು ಬಯಲು ನೋಡಿ ಬಂದೆ. ಎಲ್ಲೂ ಇಂಥ ಗಾಳಿ ಇಲ್ಲ. ಒಂದು ದಿನವಂತೂ ಇನ್ನೂರ ಹನ್ನೆರಡು!"

"ಅವತ್ತು ನಾನು ರಜೆ," ಎಂದಳು ಗಾಳಿಯಕ್ಕ.

"ಪುಣ್ಯವಂತರು, ಬದುಕಿದ್ರಿ," ಎಂದ ಅವನು, ನಿಜವಾದ ಕಳಕಳಿಯಿಂದ.

ಬಯಲು ಸರಕಾರದ್ದು; ಕ್ಲಬ್ಬು ಅದರಲ್ಲಿ ಬಾಡಿಗೆದಾರ. ವಿಮಾನ ನಿಲ್ಲದ ಕಡೆ ಗಾಳಿಯಂತ್ರವಾದರೂ ನಿಲ್ಲಲಿ ಎಂದು ಮೇಲಿನವರು ತೀರ್ಮಾನಿಸುವ ಹಂತಕ್ಕೆ ಬಂದಿದ್ದರು. ಗುರುವಾರ ವಾಯುಯಾನ ಕಚೇರಿಯ ತನಿಖಾಧಿಕಾರಿ ಬಂದು ಗಾಳಿ ಪುಸ್ತಕ ನೋಡುತ್ತಾರೆ. ಪುಸ್ತಕ ನಿಜವಾದರೆ ಕ್ಲಬ್ಬು ಖಾಲಿ.

ಮಂಗಳವಾರ ಸಮಿತಿ ಗಾಳಿಯಕ್ಕನನ್ನು ಕರೆಸಿತು. ಮೆತ್ತನೆಯ ಕುರ್ಚಿ ಹದಿನೈದಿದ್ದವು, ಕೂತವರು ಹದಿಮೂರು; ಅವಳು ನಿಂತಿದ್ದಳು. ಕಾರ್ಯದರ್ಶಿ ಒಂದು ಕಾಗದ ಮುಂದೆ ತಳ್ಳಿದರು.

"ಸಹಿ ಮಾಡಮ್ಮ. ದೊಡ್ಡ ವಿಷಯ ಏನಲ್ಲ. ಕಣ್ಣಿನ ದೋಷದಿಂದ ಎಂಟು ವರ್ಷ ಮುಳ್ಳನ್ನ ತಪ್ಪಾಗಿ ಓದಿದ್ದೀನಿ ಅಂತ ಬರೆದಿದ್ದೇವೆ."

"ನನ್ನ ಕಣ್ಣು ಚೆನ್ನಾಗಿದೆಯಲ್ಲ?"

"ನೋಡು, ಇದು ಬರೀ ಕಣ್ಣಿನ ವಿಷಯ. ಮಾನದ ವಿಷಯ ಏನೂ ಅಲ್ಲ."

"ಸಹಿ ಮಾಡಿದ ಮೇಲೆ ನನ್ನ ಕೆಲಸ?"

ಅಧ್ಯಕ್ಷರು ನೋವಿನಿಂದ ನಕ್ಕರು. "ಕಣ್ಣು ಕಾಣದವಳನ್ನ ಗಾಳಿ ನೋಡೋಕೆ ಇಟ್ಕೊಳ್ಳೋದು ಹೇಗೆ? ನೀನೇ ಹೇಳು. ನಮಗೂ ಜವಾಬ್ದಾರಿ ಅಂತ ಇರುತ್ತಲ್ಲ."

ಗಾಳಿಯಕ್ಕ ಕಾಗದ ಎರಡು ಸಲ ಓದಿದಳು. "ಸರಿ, ಗಾಳಿ ಇರಲಿಲ್ಲ ಅಂತ ಆಯ್ತು. ಹಾಗಾದ್ರೆ ನಲವತ್ತೊಂದು ಸಲ ವಿಮಾನ ಯಾಕೆ ಬಿತ್ತು ಅಂತ ಕೇಳಿದ್ರೆ?"

ಹದಿಮೂರು ಜನ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮೊದಲು ಅಧ್ಯಕ್ಷರ, ಆಮೇಲೆ ಡಾಕ್ಟರ, ಆಮೇಲೆ ಉಳಿದವರ ಕಣ್ಣು ಕಿಟಕಿಯಾಚೆಗೆ ಹೋದವು. ಅಲ್ಲಿ ಹ್ಯಾಂಗರಿನ ಬಾಗಿಲಲ್ಲಿ ಅವಳ ತಮ್ಮ ಮುರಿದ ಮೂಗಿನ ಚಕ್ರವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ.

"ಗುರುವಾರದೊಳಗೆ ಸಹಿ ಆಗಿರಲಿ," ಎಂದರು ಕಾರ್ಯದರ್ಶಿ.

ಮನೆ ಒಂದೇ, ಒಲೆಯೂ ಒಂದೇ. ಅಕ್ಕ, ತಮ್ಮ, ತಮ್ಮನ ಹೆಂಡತಿ. ಸಂಜೆ ಕಾಗದದ ಸುದ್ದಿ ಕೇಳಿ ತಮ್ಮ ಗೋಡೆಗೆ ಒರಗಿ ಕೂತುಬಿಟ್ಟ.

"ಅಂದ್ರೆ ಮೊದಲು ನೀನು, ಹಿಂದಿನಿಂದ ನಾನು. ಜೋಡಿ ಎತ್ತಿನ ಥರ ಒಟ್ಟಿಗೆ ಬಿಚ್ಚಿ ಕಳಿಸ್ತಾರೆ."

"ಎತ್ತಿಗಾದ್ರೂ ಮೇವು ಹಾಕಿ ಕಳಿಸ್ತಾರೆ," ಎಂದಳು ಹೆಂಡತಿ, ಈರುಳ್ಳಿ ಹೆಚ್ಚುತ್ತ. ಅವಳು ದರ್ಜಿ, ಮಾತನ್ನೂ ಅಳತೆಗೆ ಕತ್ತರಿಸುವವಳು. "ಅತ್ತಿಗೆ, ಬೇಜಾರು ಮಾಡ್ಕೋಬೇಡಿ, ಒಂದು ಕೇಳ್ತೀನಿ. ಆ ಹಲ್ಲಿನ ಡಾಕ್ಟರು ಎಷ್ಟು ಸಲ ಬಿದ್ರು?"

"ನಾಲ್ಕು."

"ನಾಲ್ಕೂ ಸಲ ಬೇರೆ ಬೇರೆ ಥರ ಬಿದ್ರಾ?"

ಉತ್ತರ ಕೊಟ್ಟವನು ತಮ್ಮ. "ಎಲ್ಲಿ ಬೇರೆ? ನಾಲ್ಕೂ ಅಚ್ಚು ಹಾಕಿದ ಹಾಗೆ. ವೇಗ ಇಳಿಸಲ್ಲ. ಅಡ್ಡಗಾಳಿ ಇದ್ದಾಗ ಮೂಗು ಓರೆ ಆಗಿರುತ್ತೆ, ನೆಲ ಮುಟ್ಟೋ ಮುಂಚೆ ಕಾಲಲ್ಲಿ ಪೆಡಲ್ ಒತ್ತಿ ನೆಟ್ಟಗೆ ಮಾಡ್ಕೋಬೇಕು, ಗಾಳಿ ಬರೋ ಕಡೆ ರೆಕ್ಕೆ ತಗ್ಗಿಸಬೇಕು. ಅಷ್ಟೇ ವಿದ್ಯೆ. ಇವರು ಓರೆಯಾಗೇ ಬಂದು ಕುಕ್ಕರಿಸ್ತಾರೆ."

"ಮೊದಲನೇ ಸಲ ಬಿದ್ದಾಗಲೇ ತಪ್ಪು ನಿಮ್ಮದು ಅಂತ ಪುಸ್ತಕ ಹೇಳಿದ್ರೆ, ಆಮೇಲಿನ ಮೂರು ಸಲ ಬೀಳ್ತಿದ್ರಾ? ಹೋದ ವರ್ಷ ಅವರ ಮಾವನ್ನ ಕೂರಿಸಿಕೊಂಡು ಹೋಗಿ ಆ ಮುದುಕರ ಭುಜದ ಮೂಳೆ ಮುರಿದ್ರಲ್ಲ, ಅದು ಆಗ್ತಿತ್ತಾ?"

ಗಾಳಿಯಕ್ಕ ಈರುಳ್ಳಿಯ ಸಿಪ್ಪೆ ಒಟ್ಟುಮಾಡತೊಡಗಿದಳು. ಎಂಟು ವರ್ಷ ತಾನು ತಮ್ಮನನ್ನು ಕಾಯುತ್ತಿದ್ದೇನೆ ಎಂದುಕೊಂಡಿದ್ದಳು. ಆ ಎರಡು ಕಾಯುತ್ತಿದ್ದುದು ಹದಿಮೂರು ಜನರ ಗತ್ತನ್ನು ಎಂಬುದು ಈರುಳ್ಳಿಯ ಘಾಟಿನಲ್ಲಿ ಕಣ್ಣುರಿಯುತ್ತ ಹೊಳೆಯಿತು. ಆ ಮುದುಕರನ್ನು ಸ್ಟ್ರೆಚರಿನಲ್ಲಿ ಎತ್ತುವಾಗ ತನ್ನ ಪೆನ್ನು ನಡುಗದೆ ಹಠಾತ್ ಅಡ್ಡಗಾಳಿ ಎಂದು ಬರೆದದ್ದೂ ನೆನಪಾಯಿತು.

"ಕೆಲಸ ಹೋದ್ರೆ ಏನು ಮಾಡ್ತೀಯ ಅಕ್ಕಾ?"

"ಹೋಗೋದು ಹೋಗೇ ಹೋಗುತ್ತೆ. ಕುರುಡಿ ಅನ್ನಿಸಿಕೊಂಡು ಹೋಗಲ್ಲ."

ಗುರುವಾರ. ಕ್ಲಬ್ಬಿನ ಮುಂದೆ ಸಾಲಾಗಿ ಕುರ್ಚಿ, ಮೇಜಿನ ಮೇಲೆ ಚಹಾದ ಕೆಟಲ್ಲು. ತನಿಖಾಧಿಕಾರಿ ಗಿಡ್ಡನೆಯ ಹೆಂಗಸು, ಶೂಗಳ ಮೇಲೆ ದೂರದ ದಾರಿಯ ಧೂಳು. ಅವರ ಪಕ್ಕದಲ್ಲಿ ಗಾಳಿಯಂತ್ರದವನು ಮದುವೆಗೆ ಬಂದವನಂತೆ ಇಸ್ತ್ರಿ ಅಂಗಿ ಹಾಕಿ ಕೂತಿದ್ದ.

ಅಧ್ಯಕ್ಷರದ್ದು ಒಂದು ಯೋಜನೆ. "ಬಾಯಿಮಾತು ಯಾಕೆ ಮೇಡಂ? ನಾನೇ ಹಾರಿ ಇಳಿದು ತೋರಿಸ್ತೀನಿ. ಈ ಬಯಲಲ್ಲಿ ಗಾಳಿ ಅನ್ನೋದೇ ಇಲ್ಲ ಅಂತ ಕಣ್ಣಾರೆ ನೋಡಿ. ಆ ಹೆಂಗಸಿಗೆ ಪಾಪ ಕಣ್ಣು ಮಂಜು, ಅದರದ್ದೂ ಒಂದು ಕಾಗದ ಬರುತ್ತೆ."

ಹಾರುವ ಮೊದಲು ತಗಡಿನ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದರು. "ಮುಳ್ಳು ಏನಾದ್ರೂ ತೋರಿಸಲಿ, ನಾನು ಕೇಳಿದಾಗ ನಾಲ್ಕು ಅಂತ ಹೇಳು. ನಾಲ್ಕೇ ಬರಿ. ಆಮೇಲೆ ಸಹಿ ಹಾಕು. ತಿಳೀತಾ?"

ಎಂಟು ವರ್ಷದಲ್ಲಿ ಮೊದಲ ಸಲ ಗಾಳಿಯನ್ನು ಕಡಿಮೆ ಮಾಡು ಎಂದು ಆಜ್ಞೆಯಾಗಿತ್ತು. ಗಾಳಿಗೆ ಅದು ಗೊತ್ತಿರಲಿಲ್ಲ. ಅಧ್ಯಕ್ಷರು ಮೇಲೆ ಹೋಗಿ ಒಂದು ಸುತ್ತು ಹಾಕುವಷ್ಟರಲ್ಲಿ ಬಯಲಿನ ಹುಲ್ಲು ಒಂದೇ ಕಡೆಗೆ ಬಾಗಿತು. ಕೋಣೆಯ ತಗಡು ಗೊಣಗಿತು. ಮುಳ್ಳು ಎಂಟು ದಾಟಿ, ಹತ್ತು ದಾಟಿ ಹನ್ನೆರಡಕ್ಕೆ ಬಂತು.

ಹಿಂದೆ ನೆರಳಾಯಿತು. ತನಿಖಾಧಿಕಾರಿ ಚಹಾದ ಲೋಟ ಹಿಡಿದುಕೊಂಡೇ ಬಾಗಿಲಿಗೆ ಬಂದಿದ್ದರು. ಅದೇ ಹೊತ್ತಿಗೆ ರೇಡಿಯೋ ಕರಕರ ಎಂದಿತು. ಹೊರಗಿನ ಧ್ವನಿವರ್ಧಕದಲ್ಲೂ ಅದೇ ದನಿ.

"ಗಾಳಿ ಎಷ್ಟಮ್ಮಾ?" ಅಧ್ಯಕ್ಷರ ಕಂಠ ಜೇನು ಸವರಿದಂತಿತ್ತು.

ಗಾಳಿಯಕ್ಕ ಮೈಕಿನ ಗುಂಡಿ ಒತ್ತಿದಳು.

"ಹನ್ನೆರಡು. ಎಡಗಡೆಯಿಂದ ಪೂರ್ತಿ ಅಡ್ಡ."

"ಏನಂದೆ?"

"ಹನ್ನೆರಡು, ಸ್ವಾಮಿ. ಆಗಾಗ ಹದಿನಾಲ್ಕಕ್ಕೆ ಏರ್ತಿದೆ. ಹುಷಾರು."

"ನಾಲ್ಕು ಅಂತ ಹೇಳಿರಲಿಲ್ವಾ ನಾನು? ನಾಲ್ಕು ಅನ್ನೇ!"

ಇಡೀ ಬಯಲು ಇದನ್ನು ಕೇಳಿತು. ಗಾಳಿಯಂತ್ರದವನು ಮಾತ್ರ ಸಂಭ್ರಮದಿಂದ ಎದ್ದು ನಿಂತ: "ಹದಿನಾಲ್ಕಂತೆ!"

ಅಧ್ಯಕ್ಷರು ನಾಲ್ಕು ನಾಟ್ ಗಾಳಿಯಲ್ಲಿ ಇಳಿಯುವವರ ಹಾಗೆ ಬಂದರು. ವಿಮಾನದ ಮೂಗು ಒಂದು ದಿಕ್ಕಿಗೆ, ಅದು ಸಾಗುತ್ತಿದ್ದುದು ಇನ್ನೊಂದು ದಿಕ್ಕಿಗೆ, ಓರೆಗಣ್ಣಿನಿಂದ ನೋಡುತ್ತ ನಡೆಯುವ ಏಡಿಯಂತೆ. ಒಂದು ಚಕ್ರ ನೆಲ ಮುಟ್ಟಿತು, ಚೀರಿತು, ಬಿಟ್ಟಿತು. ಗಾಳಿ ಎಡ ರೆಕ್ಕೆಯ ಕೆಳಗೆ ಕೈ ಹಾಕಿ ಎತ್ತಿತು. ಬಲ ರೆಕ್ಕೆಯ ತುದಿ ರನ್‌ವೇ ಮೇಲೆ ಗೀರೆಳೆದುಕೊಂಡು, ವಿಮಾನ ಬುಗುರಿಯಂತೆ ಒಂದು ಸುತ್ತು ತಿರುಗಿ, ಹುಲ್ಲಿಗೆ ಇಳಿದು, ಕುರ್ಚಿಗಳ ಸಾಲಿನತ್ತ ಹಿಂದುಹಿಂದಾಗಿ ಸರಿಯಿತು. ಕೂತಿದ್ದ ಹನ್ನೆರಡು ಗಣ್ಯರು ವಯಸ್ಸು ಮರೆತು ಜಿಗಿದರು. ಬಾಲ ಚಹಾದ ಮೇಜಿಗೆ ತಗುಲಿತು. ಕೆಟಲ್ಲು ಅಡ್ಡಬಿತ್ತು. ವಿಮಾನ ನಿಂತಿತು.

ಯಾರಿಗೂ ಪೆಟ್ಟಾಗಲಿಲ್ಲ; ಅಧ್ಯಕ್ಷರ ಮೊಣಕೈ ಮಾತ್ರ ಉಳುಕಿತು. ರೇಡಿಯೋದ ಗುಂಡಿಯಿಂದ ಅವರ ಬೆರಳು ಇನ್ನೂ ಎದ್ದಿರಲಿಲ್ಲ. ಧ್ವನಿವರ್ಧಕದಲ್ಲಿ ಅವರ ಉಸಿರು, ಆಮೇಲೆ ಅವರ ಮಾತು ಬಯಲಿಗೆಲ್ಲ ಕೇಳಿತು:

"ಎಷ್ಟು ಬರೆದೆ?"

ಕಾರ್ಯದರ್ಶಿ ಅಷ್ಟರಲ್ಲಿ ಕೋಣೆಗೆ ಓಡಿ ಬಂದಿದ್ದರು. ಬಾಗಿಲ ಮರೆಯಲ್ಲಿ ನಿಂತ ತನಿಖಾಧಿಕಾರಿಯನ್ನು ನೋಡದೆ ಪುಸ್ತಕದ ಮೇಲೆ ಬಗ್ಗಿದರು.

"ಎರಡು ಹಾಕಬೇಡ! ಹಾಕಿದ್ರೆ ಗಾಳಿಯಂತ್ರದವನು ಬಯಲು ನುಂಗ್ತಾನೆ. ಹನ್ನೆರಡರಲ್ಲಿ ಒಂದು ಬಿಡು, ಬರೀ ಎರಡು ಬರಿ."

"ಎರಡು ನಾಟ್ ಗಾಳೀಲಿ ಅಧ್ಯಕ್ಷರು ಹೀಗೆ ಇಳಿದ್ರು ಅಂತ ಬರೀಲಾ?"

"ಅಯ್ಯೋ ಬೇಡ, ಲೈಸೆನ್ಸು ಹೋಗುತ್ತೆ! ಹಾಗಾದ್ರೆ ಎರಡು ಹಾಕು. ಬೇಡ ಬೇಡ, ಬಯಲು ಹೋಗುತ್ತೆ. ಒಂದು ಕೆಲಸ ಮಾಡು, ಅವನಿಗೆ ಕಮ್ಮಿ ಕಾಣೋ ಹಾಗೆ, ಮೇಡಂಗೆ ಜಾಸ್ತಿ ಕಾಣೋ ಹಾಗೆ ಬರಿ."

"ಅಂಥ ಅಂಕಿ ನನಗೆ ಬರಲ್ಲ," ಎಂದಳು ಗಾಳಿಯಕ್ಕ.

"ಯಾವ ಎರಡು ಅದು?" ಎಂದು ಹಿಂದಿನಿಂದ ದನಿ ಬಂತು.

ಕಾರ್ಯದರ್ಶಿ ತಿರುಗಿ ನೋಡಿ, ವಕೀಲಿ ವೃತ್ತಿಯಲ್ಲಿ ಎಂದೂ ಮಾಡದ ಕೆಲಸ ಮಾಡಿದರು: ಬಾಯಿ ಮುಚ್ಚಿಕೊಂಡರು.

ಗಾಳಿಯಕ್ಕ ಮೊದಲು 12 ಎಂದು ಬರೆದಳು. ಕಾರಣದ ಅಂಕಣದಲ್ಲಿ, ಇಷ್ಟು ವರ್ಷ ಬರೆಯದ ಎರಡು ಮಾತು ಬರೆದಳು: ಇಳಿಸಿದ ರೀತಿ. ಆಮೇಲೆ ಪುಸ್ತಕವನ್ನು ತನಿಖಾಧಿಕಾರಿಯ ಕಡೆ ತಿರುಗಿಸಿದಳು.

"ಎಡಗಡೆಯ ಎರಡು, ಮೇಡಂ. ನಾನೇ ಹಾಕಿದ್ದು. ನಲವತ್ತೊಂದು ಕಡೆ ಇದೆ. ಒಂದು ಮಾತ್ರ ಇವರದ್ದು, ನಲವತ್ತು ನನ್ನವು. ಕೂತ್ಕೊಳ್ಳಿ, ತೋರಿಸ್ತೀನಿ."

ಒಂದೊಂದೇ ಸಾಲು. ಅವಳು ದಿನ ಹೇಳುವಳು, ಯಾರು ಹೇಗೆ ಬಿದ್ದರೆಂದು ಹೇಳುವಳು, ತನಿಖಾಧಿಕಾರಿ ಎರಡಕ್ಕೆ ಗೀಟು ಹಾಕುವರು. ಈಗ ಗುಂಡಿ ಒತ್ತಿಕೊಂಡಿದ್ದುದು ಇವಳ ಮೇಜಿನ ಮೈಕಿನದು. ಬಿಡಲು ಅವಳು ಮರೆತಿದ್ದಳೋ ಮರೆಯಲಿಲ್ಲವೋ, ಹೊರಗೆ ಎಲ್ಲರಿಗೂ ಕೇಳುತ್ತಿತ್ತು. "ಇದು ಆರು. ಗುತ್ತಿಗೆದಾರರು, ಫೋಟೋ ತೆಗೀತಾ ಇಳಿದ್ರು." ಒಂದು ಕಾರು ಶುರುವಾದ ಸದ್ದು. "ಇದು ಐದು. ಕಾಲೇಜಿನ ಮಾಲೀಕರು, ಪಕ್ಕದ ಹೊಲದ ಎಮ್ಮೆ ಮಧ್ಯೆ." ಇನ್ನೊಂದು ಕಾರು. "ಇದು ಎಂಟು. ಡಾಕ್ಟರು, ಅವರ ಮಾವ ಜೊತೆಗಿದ್ರು." "ಇದಕ್ಕೆ ಗೀಟು ಸ್ವಲ್ಪ ಜೋರಾಗಿ ಹಾಕಿ ಮೇಡಂ."

ಮುಗಿಯುವ ಹೊತ್ತಿಗೆ ಹೊರಗೆ ಉಳಿದದ್ದು ಖಾಲಿ ಕುರ್ಚಿಗಳು, ಬೆಲ್ಟು ಬಿಚ್ಚಲಾಗದ ಅಧ್ಯಕ್ಷರು, ಮತ್ತು ಗಾಳಿಯಂತ್ರದವನು. ಅವನು ಅಲ್ಲೇ ಕೂಡಿ ಭಾಗಿಸಿ ಸರಾಸರಿ ತೆಗೆದ. "ಏಳೂವರೆ. ಇಷ್ಟಕ್ಕೆ ನಮ್ಮ ರೆಕ್ಕೆ ತಿರುಗಲ್ಲ, ಮೇಲೆ ಕಾಗೆ ಕೂರುತ್ತೆ ಅಷ್ಟೇ." ಗೂಟ ಕಿತ್ತುಕೊಂಡು ಹೊರಟುಹೋದ.

"ನೀವು ಮಾಡಿದ್ದೂ ತಪ್ಪೇ," ಎಂದರು ತನಿಖಾಧಿಕಾರಿ ಪುಸ್ತಕ ಮುಚ್ಚಿ.

"ಹೌದು. ಶಿಕ್ಷೆ ಕೊಡಿ. ಆದ್ರೆ ಒಂದು ಮಾತು. ಎಂಟು ವರ್ಷ ಇಲ್ಲಿ ವಿಮಾನ ಬೀಳ್ತಾನೇ ಇತ್ತು, ಒಬ್ಬ ಮುದುಕರ ಮೂಳೆ ಮುರೀತು. ನಿಮ್ಮ ಕಚೇರಿಯಿಂದ ಒಂದು ನರಪಿಳ್ಳೆ ಬರಲಿಲ್ಲ. ಕಂಪನಿಗೆ ಬಯಲು ಬೇಕಾಯ್ತು ನೋಡಿ, ಆವಾಗ ಬಂದ್ರಿ. ನಾನು ನಿಜ ಬರೆದಿದ್ರೆ ಮೊದಲನೇ ದಿನವೇ ನನ್ನ ತಮ್ಮ ಬೀದೀಲಿ ಇರ್ತಿದ್ದ. ನೀವು ಇವತ್ತಿಗೂ ಬರ್ತಿರಲಿಲ್ಲ."

ತನಿಖಾಧಿಕಾರಿ ತಮ್ಮ ಧೂಳಿನ ಶೂ ನೋಡಿಕೊಂಡರು. ಆಮೇಲೆ ಬಗ್ಗಿ ಆದೇಶ ಬರೆದರು.

ಆದೇಶದಲ್ಲಿ ನಾಲ್ಕು ಮಾತಿತ್ತು. ಹದಿಮೂರೂ ಸದಸ್ಯರು ಅಡ್ಡಗಾಳಿಯಲ್ಲಿ ಇಳಿಯುವ ಪರೀಕ್ಷೆ ಮತ್ತೆ ಕೊಡಬೇಕು. ಮೆಕ್ಯಾನಿಕ್‌ನ ಕೆಲಸದಲ್ಲಿ ದೋಷ ಕಂಡಿಲ್ಲ. ಗಾಳಿ ಬರೆಯುವವರಿಗೆ ಮೂವತ್ತು ದಿನ ಅಮಾನತು, ಆಮೇಲೆ ಅದೇ ಕೆಲಸ. ಅವರು ಮರಳಿ ಬಂದು ಗಾಳಿ ಪುಸ್ತಕಕ್ಕೆ ಸಹಿ ಹಾಕುವವರೆಗೆ ಯಾವ ವಿಮಾನವೂ ಏಳಕೂಡದು.

ಹತ್ತನೇ ದಿನ ಅಧ್ಯಕ್ಷರ ಕಾರು ಗಾಳಿಯಕ್ಕನ ಬೀದಿಗೆ ಬಂತು. ಬೀದಿ ಕಿರಿದು, ಕಾರು ಮೂಲೆಯಲ್ಲೇ ನಿಂತಿತು, ಅಧ್ಯಕ್ಷರು ನಡೆದು ಬಂದರು. ಮೊಣಕೈಗೆ ಪಟ್ಟಿ. ಗಾಳಿಯಕ್ಕ ಹೊರಗಿನ ಮೆಟ್ಟಿಲ ಮೇಲೆ ಕೂತು ಬಟ್ಟೆಗೆ ಗುಂಡಿ ಹಾಕುತ್ತಿದ್ದಳು. ಏಳಲಿಲ್ಲ.

"ಬಂದುಬಿಡಮ್ಮ. ಇನ್ನೂ ಇಪ್ಪತ್ತು ದಿನ ಯಾರು ಕಾಯ್ತಾರೆ? ಮೂವತ್ತೂ ದಿನ ಮನೇಲಿದ್ದೆ ಅಂತ ಪುಸ್ತಕದಲ್ಲಿ ಬರೆದುಬಿಡೋಣ."

"ಸುಳ್ಳು ಬರೆದದ್ದಕ್ಕೆ ತಾನೇ ಈ ಶಿಕ್ಷೆ? ಶಿಕ್ಷೆಯಲ್ಲೂ ಸುಳ್ಳು ಬರೀಬೇಕಾ?" ಅವಳು ಹಲ್ಲಲ್ಲಿ ದಾರ ಕಡಿದಳು. "ಮೂವತ್ತು ಅಂದ್ರೆ ಮೂವತ್ತೇ. ಅಷ್ಟರಲ್ಲಿ ನೀವು ಪರೀಕ್ಷೆಗೆ ಓದ್ಕೊಳ್ಳಿ."

ಅಧ್ಯಕ್ಷರು ಅತ್ತಿತ್ತ ನೋಡಿದರು. ಬೀದಿಯಲ್ಲಿ ಪರಿಚಯದವರು ಯಾರೂ ಇರಲಿಲ್ಲ. ದನಿ ತಗ್ಗಿಸಿದರು. "ಅದೇ... ಪರೀಕ್ಷೆ ವಿಷಯ... ನಿನ್ನ ತಮ್ಮ ಇದಾನಾ ಒಳಗೆ?"

ತಮ್ಮ ಬನಿಯನ್ನಿನಲ್ಲೇ ಹೊರಬಂದ. ವಿಷಯ ಕೇಳಿ ನಗದೆ ಇರಲು ಬಹಳ ಕಷ್ಟಪಟ್ಟ. ಒಳಗಿನಿಂದ ಮಣೆ ತಂದು ಅಧ್ಯಕ್ಷರನ್ನು ಕೂರಿಸಿದ, ಅವರ ಕಾಲ ಮುಂದೆ ಎರಡು ಇಟ್ಟಿಗೆ ಜೋಡಿಸಿದ.

"ಇವು ಪೆಡಲ್. ಗಾಳಿ ಎಡಗಡೆಯಿಂದ ಬರ್ತಿದೆ, ಮೂಗು ಎಡಕ್ಕೆ ಓರೆ ಆಗಿದೆ. ನೆಲ ಬಂತು, ನೆಲ ಬಂತು. ಯಾವ ಕಾಲು ಒತ್ತಬೇಕು?"

ಹಾಸಿಗೆ ಕಾರ್ಖಾನೆಯ ಯಜಮಾನರು ಕಣ್ಣು ಮುಚ್ಚಿ ಯೋಚಿಸಿದರು. ಹಣೆಯಲ್ಲಿ ಬೆವರು ಬಂತು. ಎಡಗಾಲನ್ನು ನಿಧಾನವಾಗಿ ಇಟ್ಟಿಗೆಯ ಮೇಲೆ ಇಟ್ಟರು.

ಒಳಗೆ ಹೊಲಿಗೆ ಯಂತ್ರದ ಸದ್ದು ಗಕ್ಕನೆ ನಿಂತಿತು.

"ಬಲಗಾಲು ಸ್ವಾಮಿ, ಬಲಗಾಲು!" ಎಂದು ತಮ್ಮನ ಹೆಂಡತಿ ಕೂಗಿದಳು. "ಎಂಟು ವರ್ಷದಿಂದ ಊಟಕ್ಕೆ ಕೂತಾಗೆಲ್ಲ ಇದನ್ನೇ ಕೇಳಿ ಕೇಳಿ ನನಗೇ ಬಾಯಿಪಾಠ ಆಗಿದೆ."